ಬತ್ತಿದ ಬುಗ್ಗೆ ಮರಳಿ ಉಕ್ಕಿದ ಬಗೆ

ಚೀನಾ ದೇಶದ ಜಿನಾನ್ ಬುಗ್ಗೆಗಳ ನಗರವೆಂದೇ ಪ್ರಸಿದ್ಧ. ದಕ್ಷಿಣದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಇಂಗಿದ ಮಳೆನೀರು ನೆಲದೊಳಗೆ ಉತ್ತರಕ್ಕೆ ಹರಿದು, ಗಟ್ಟಿಬಂಡೆಗೆ ತಡೆಗೊಂಡು ಊರ ನಡುವೆ ಉಕ್ಕುತ್ತದೆ. ಆ ನೀರಿನಿಂದಲೇ ತುಂಬುವ ದಾಮಿಂಗ್ ಸರೋವರದಲ್ಲಿ ತಾವರೆ ಅರಳುತ್ತದೆ, ಮೀನು ಆಡುತ್ತದೆ. ಅಲ್ಲಿ ಕಪ್ಪೆ ವಟಗುಟ್ಟದು, ಹಾವು ಕಾಣಿಸದು ಎಂಬುದು ಜನರ ಹಳೆಯ ಮಾತು. ಬುಗ್ಗೆಯ ನೀರನ್ನು ಮನೆಗೆ ಹೊತ್ತೊಯ್ದು ಚಹಾ ಕಾಯಿಸುವ ರೂಢಿ ಇಂದಿಗೂ ಉಳಿದಿದೆ.

ಇಂಥ ಊರಿನಲ್ಲಿಯೂ ಬಾವಿಗಳಿಂದ ಮಿತಿಮೀರಿ ನೀರೆತ್ತಿದ್ದರಿಂದ ಅಂತರ್ಜಲ ಕುಸಿಯಿತು. ಹೆಸರಾಂತ ಬಾವ್‌ಟು ಬುಗ್ಗೆ 1999ರಲ್ಲಿ ನಿಂತುಹೋಗಿ ವರ್ಷಗಟ್ಟಲೆ ಚಿಮ್ಮಲಿಲ್ಲ. ನಗರದವರು ಅನೇಕ ಬಾವಿಗಳನ್ನು ಮುಚ್ಚಿ, ಹಳದಿ ನದಿಯ ನೀರನ್ನು ಬಳಕೆಗೆ ತಂದರು. ಮಳೆಯೂ ಕೃಪೆ ತೋರಿತು. 2003ರ ಸೆಪ್ಟೆಂಬರಿನಲ್ಲಿ ಬುಗ್ಗೆ ಮರಳಿ ಉಕ್ಕಿತು.

ಕೆರೆಯ ದಂಡೆಗೆ ಕಲ್ಲು ಕಟ್ಟಿಸಿ, ಹೂಗಿಡ ನೆಟ್ಟು ನಾವು ತೃಪ್ತರಾಗುತ್ತೇವೆ. ಕೆರೆಗೆ ನೀರು ಬರುವ ಹಳ್ಳ, ಗುಡ್ಡಗಳನ್ನು ಮರೆಯುತ್ತೇವೆ. ನಮ್ಮ ಅಂಗಳದ ಕೊಳವೆಬಾವಿ ನೆರೆಮನೆಯ ನೀರನ್ನೂ ಸೆಳೆಯಬಲ್ಲದು. ಈ ಮಳೆಗಾಲದಲ್ಲಿ ನಮ್ಮ ಮಾಳಿಗೆಯ ನೀರು ಚರಂಡಿಗೆ ಹೋಗದೆ ನೆಲಕ್ಕೆ ಇಂಗುವಂತೆ ನೋಡಿಕೊಳ್ಳೋಣ.