ಹೆಂಚು ಕೊಟ್ಟ ನದಿ, ಹಡಗು ತಡೆದ ನದಿ

ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳು ಮಂಗಳೂರಿಗೆ ಪ್ರವಾಸ ಹೋದರೆ ಕಡಲತೀರದಲ್ಲೇ ಮೈಮರೆಯುವುದು ಸಹಜ. ಆದರೆ ಆ ಊರಿನ ದೊಡ್ಡ ಪಾಠವಿರುವುದು ನದಿಗಳಲ್ಲಿ.

ನೇತ್ರಾವತಿ, ಗುರುಪುರ ನದಿಗಳು ಇಲ್ಲಿ ಕೂಡಿ ಕಡಲು ಸೇರುತ್ತವೆ. ಹರಿವಿನ ವೇಗ ತಗ್ಗಿದೊಡನೆ ನೀರು ಹೊತ್ತುತಂದ ಮರಳು ತಳಕ್ಕಿಳಿಯುತ್ತದೆ. ಅಲೆಗಳು ಅದನ್ನು ದಿಬ್ಬವಾಗಿಸುತ್ತವೆ. ಹೀಗಾಗಿ ದೊಡ್ಡ ಹಡಗುಗಳು ಹಳೆಯ ಬಂದರಿಗೆ ಬರಲಾಗದೆ ದೂರದಲ್ಲೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳಲ್ಲಿ ದಡ ಸೇರುತ್ತಿತ್ತು. ಕೊನೆಗೆ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಕಟ್ಟಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು.

ಮರಳು ದಾರಿ ಮುಚ್ಚಿತು ನಿಜ. ಆದರೆ ಅದೇ ನದಿಗಳ ದಂಡೆಯ ಜೇಡಿಮಣ್ಣು ಊರಿಗೆ ಅನ್ನ ಕೊಟ್ಟಿತು. 1865ರಲ್ಲಿ ಬಾಸೆಲ್ ಮಿಷನ್ ಅಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. 'ಮಂಗಳೂರು ಹೆಂಚು' ಮನೆಮಾತಾಯಿತು.

ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಮೇಲೆ ನಿಂತರೆ ಗುರುಪುರ ನದಿ ಕಣ್ಣೆದುರೇ ಹರಿಯುತ್ತದೆ. ಈ ಪಾಠ ಹೇಳಲು ಅದಕ್ಕಿಂತ ಒಳ್ಳೆಯ ತರಗತಿ ಬೇಕೆ?

ಪೋಷಕರಿಗೊಂದು ಮಾತು: ಕಾವೇರಿಯಲ್ಲಿ ಈಜಿದ ಧೈರ್ಯ ಕಡಲಲ್ಲಿ ಸಾಲದು. ಹಿಂದೆ ಸರಿಯುವ ನೀರಿನ ಸೆಳೆತ ನುರಿತ ಈಜುಗಾರನನ್ನೂ ಒಯ್ದೀತು. ಮಕ್ಕಳಿಗೆ ಅದನ್ನು ಹೇಳಿಯೇ ಕಳುಹಿಸಿ. ಮನೆಯಲ್ಲಿ ಹಳೆಯ ಹೆಂಚಿದ್ದರೆ ಮೊದಲೇ ತಿರುಗಿಸಿ ತೋರಿಸಿ. ಅಚ್ಚೊತ್ತಿದ ಊರಿನ ಹೆಸರು ಸಿಕ್ಕರೆ ಪ್ರವಾಸ ಅಲ್ಲಿಂದಲೇ ಆರಂಭ.