ದೀಕ್ಷಾಸ್ನಾನಕ್ಕೆ ನೀರು ಸಾಕು, ಸಾಲ ಬೇಡ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕಟ್ಟಿದ ಬಹುತೇಕ ಸಭೆಗಳು ಇಂದು ಸಿಎಸ್‌ಐನಲ್ಲಿವೆ. ಅಲ್ಲಿ ಎಳೆಮಗುವಿಗೆ ದೀಕ್ಷಾಸ್ನಾನ ಏಕೆ? ಮಗು ಏನನ್ನೂ ಗಳಿಸುವ ಮೊದಲೇ ದೇವರ ಕೃಪೆ ಅದಕ್ಕಿದೆ ಎಂದು ಸಾರಲು. ಕೃಪೆ ಪುಕ್ಕಟೆ. ಹಾಗಿದ್ದ ಮೇಲೆ ಶಾಮಿಯಾನ, ಫ್ಲೆಕ್ಸು, ಬಿರಿಯಾನಿಗೆಂದು ಬಡ್ಡಿಸಾಲ ಮಾಡುವುದೇಕೆ? ಊಟ ಹಾಕಿಸಲು ದುಡ್ಡಿಲ್ಲವೆಂದು ದೀಕ್ಷಾಸ್ನಾನವನ್ನೇ ಮುಂದೂಡುವವರನ್ನು ನಾವು ನೋಡುತ್ತಿದ್ದೇವೆ. ಈ ನಾಚಿಕೆಯನ್ನು ಅವರ ಮೇಲೆ ಹೇರಿದ್ದು ಉಳ್ಳವರ ಆಡಂಬರ.

ತಯಾರಾಗಬೇಕಾದವರು ತಂದೆತಾಯಿ. ಮಗುವನ್ನು ನಂಬಿಕೆಯಲ್ಲಿ ಬೆಳೆಸುತ್ತೇವೆಂದು ಸಭೆಯ ಮುಂದೆ ಮಾತು ಕೊಡುವವರು ಅವರು. ಆ ಮಾತಿನ ಅರ್ಥವನ್ನು ಸಭಾಪಾಲಕರ ಬಳಿ ಕುಳಿತು ಮೊದಲೇ ಕೇಳಿಕೊಳ್ಳಿ. ಜೊತೆಗಿರುತ್ತೇವೆಂದು ಸಭೆಯೂ ಒಪ್ಪುತ್ತದೆ. ಉಂಡು ಕೈತೊಳೆದರೆ ಮುಗಿಯಲಿಲ್ಲ. ಮುಂದೆ ದೃಢೀಕರಣದ ದಿನ ಮಗು ಆ ಮಾತನ್ನು ತನ್ನದಾಗಿಸಿಕೊಳ್ಳಬೇಕು. ಅಷ್ಟರಲ್ಲಿ ನೀವು ಅದಕ್ಕೆ ಏನು ಕಲಿಸಿರುತ್ತೀರಿ?