ಮಳೆಯ ಲೆಕ್ಕ ಸಾಲದು, ಗೇಟಿನ ಲೆಕ್ಕವೂ ಬೇಕು

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂತು. 12 ಕಿ.ಮೀ. ಚೌಕಕ್ಕೊಂದು ಸಿಗುತ್ತಿದ್ದ ಲೆಕ್ಕ ಈಗ 6 ಕಿ.ಮೀ.ಗೆ ಸಿಗುತ್ತಿದೆ. ಅದೇ ವರ್ಷ ಯಂತ್ರಕಲಿಕೆಯ ಮಾದರಿಗಳ ನೆರವಿನಿಂದ 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲಿಗೆ ಮುಂಗಾರಿನ ಮುನ್ಸೂಚನೆ ಹೋಯಿತು. ಇವು ಮೆಚ್ಚಬೇಕಾದ ಕೆಲಸಗಳೇ. ಆದರೆ ಇಷ್ಟಕ್ಕೇ ನೆರೆಯಿಂದ ಪಾರಾದೆವು ಎಂದುಕೊಂಡರೆ ಕೆಟ್ಟೆವು.

2024ರ ಜುಲೈ 25ರಂದು ಇದೇ ಪುಣೆಯಲ್ಲಿ ಏನಾಯಿತು ನೋಡಿ. ಭಾರಿ ಮಳೆಯ ನಡುವೆ ಖಡಕವಾಸ್ಲಾ ಅಣೆಕಟ್ಟೆಯಿಂದ ರಾತ್ರೋರಾತ್ರಿ ನೀರು ಬಿಟ್ಟರು. ಬೆಳಗಾಗುವಷ್ಟರಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ಮುಠಾ ನದಿ ನುಗ್ಗಿತ್ತು. ಎಷ್ಟು ನೀರು ಬರುತ್ತದೆಂದು ಯಾರೂ ಸಮಯಕ್ಕೆ ಹೇಳಲಿಲ್ಲ ಎಂಬುದೇ ಅಲ್ಲಿಯವರ ದೂರು. ಹವಾಮಾನ ಸಂಸ್ಥೆಗಳ ಮಗ್ಗುಲಲ್ಲೇ ಹೀಗಾದರೆ ನದಿಯ ಕೆಳಗಿನವರ ಪಾಡೇನು?

ಆ ಕೆಳಗಿನವರು ನಾವೇ. ಮುಠೆಯ ನೀರು ಮುಳಾ ಸೇರಿ, ಭೀಮೆಗೆ ಬಿದ್ದು, ಉಜನಿ ಜಲಾಶಯ ದಾಟಿ ಇಂಡಿ, ಅಫಜಲಪುರ, ಜೇವರ್ಗಿಗೆ ಬರುತ್ತದೆ. 2020ರ ಅಕ್ಟೋಬರ್, 2025ರ ಸೆಪ್ಟೆಂಬರ್‌ನ ನೆರೆ ಕಲಬುರಗಿಯವರಿಗೆ ಮರೆತಿಲ್ಲ. ಹೊಳೆ ಏರಿತೆಂದರೆ ಘತ್ತರಗಿ ಸೇತುವೆ ಮುಳುಗುತ್ತದೆ, ತೊಗರಿ, ಕಬ್ಬು ನೀರುಪಾಲಾಗುತ್ತವೆ. ದಂಡೆಯ ಪಂಪ್‌ಸೆಟ್ ಬಿಚ್ಚಿ ಮೇಲೆ ಸಾಗಿಸಲು ರೈತನಿಗೆ ಒಂದು ಹಗಲಾದರೂ ಬೇಕು.

ಯಂತ್ರ ಕಲಿಯುವುದು ಹಳೆಯ ದಾಖಲೆಗಳಿಂದ. ಅವುಗಳಲ್ಲಿ ಸಾಧಾರಣ ಮಳೆಯ ದಿನಗಳು ಸಾವಿರಾರು, ಊರು ಮುಳುಗಿಸುವ ಮಳೆ ಬೆರಳೆಣಿಕೆಯಷ್ಟು. ಸರಾಸರಿ ತಪ್ಪನ್ನು ತಗ್ಗಿಸಲೆಂದು ಪಳಗಿಸಿದ ಮಾದರಿ ವಿಪರೀತದ ಮಳೆಯನ್ನೇ ಕಡಿಮೆ ಮಾಡಿ ಹೇಳುವ ಅಪಾಯವಿದೆ. ಇನ್ನು ಗೇಟು ಎತ್ತುವುದು ಮೋಡವಲ್ಲ, ಮನುಷ್ಯರು. ಆ ತೀರ್ಮಾನ ಮಾದರಿಗೆ ಸಿಗದಿದ್ದರೆ ಮಳೆಯನ್ನು ಕರಾರುವಾಕ್ಕಾಗಿ ಹೇಳಿದರೂ ನೆರೆಯನ್ನು ಹೇಳಲಾಗದು.

ಆಗಬೇಕಾದ್ದು ಮೂರು ಕೆಲಸ. ಮಳೆಗಾಲದಲ್ಲಿ ಉಜನಿಯ ಒಳಹರಿವು, ಹೊರಹರಿವಿನ ಅಂಕಿಗಳು ಗಂಟೆಗೊಮ್ಮೆ ಎಲ್ಲರಿಗೂ ಸಿಗಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳ ದಾಖಲೆಯನ್ನೂ ಆ ಅಂಕಿಗಳನ್ನೂ ಒಂದೇ ಮಾದರಿಗೆ ಉಣಿಸಬೇಕು. ಯಾವ ಊರಿಗೆ ಎಷ್ಟು ಹೊತ್ತಿಗೆ ಎಷ್ಟು ನೀರು ಬರಬಹುದು, ಆ ಅಂದಾಜನ್ನು ಎಷ್ಟು ನಂಬಬಹುದು ಎಂಬುದು ಕನ್ನಡದಲ್ಲಿ ಪಿಡಿಒ ಮೊಬೈಲಿಗೂ ರೈತನ ಮೊಬೈಲಿಗೂ ಒಟ್ಟಿಗೇ ತಲುಪಬೇಕು.

ಇದಕ್ಕೆ ಹೊಸ ಸೂಪರ್‌ಕಂಪ್ಯೂಟರ್ ಬೇಕಿಲ್ಲ. ಎರಡು ರಾಜ್ಯಗಳ ಜಲಸಂಪನ್ಮೂಲ ಇಲಾಖೆಗಳು ಒಂದು ಮೇಜಿನ ಸುತ್ತ ಕೂತರೆ ಸಾಕು. ಮುಂದಿನ ಮುಂಗಾರಿನೊಳಗೆ ಅಷ್ಟೂ ಆಗದಿದ್ದರೆ, ಬರಲಿರುವ ನೆರೆಯನ್ನು ಪ್ರಕೃತಿಯ ಮುನಿಸೆಂದು ತಳ್ಳಿಹಾಕುವ ಹಕ್ಕು ಎರಡೂ ಸರ್ಕಾರಗಳಿಗೆ ಉಳಿಯುವುದಿಲ್ಲ.